14 ವರ್ಷ ಹಳೆಯ 30×40 ಮನೆ, ಮೈತುಂಬ ಹೊಸ ಪೇಂಟ್, ಎರಡು ಗಂಟೆ ಸಮಯ: ಏನೇನು ನೋಡಬೇಕು?

ಮೂವತ್ತು_ನಲವತ್ತು:

ನಮಸ್ಕಾರ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ 30×40 ಸೈಟಿನ ಮನೆಯೊಂದು ಮಾರಾಟಕ್ಕಿದೆ. ಕಟ್ಟಿ 14 ವರ್ಷ. ನೆಲಮಹಡಿ, ಅದರ ಮೇಲೊಂದು. ಕೆಳಗೆ ಮಾಲೀಕರಿದ್ದಾರೆ, ಮೇಲಿನದನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ಕಾವೇರಿ ನೀರಿದೆ, ಬೋರ್ ಇದೆ. ಸಂಪು ಕಾರು ನಿಲ್ಲಿಸುವ ಜಾಗದ ಕೆಳಗೆ.

ಒಮ್ಮೆ ಸಂಜೆ ಹೊತ್ತು ನೋಡಿ ಬಂದೆವು. ಒಳಗೂ ಹೊರಗೂ ಹೊಸ ಪೇಂಟ್ ಇರುವುದರಿಂದ ಹೆಚ್ಚೇನೂ ಕಣ್ಣಿಗೆ ಬೀಳಲಿಲ್ಲ. ಗಮನಕ್ಕೆ ಬಂದದ್ದು ಮೂರು. ಮೇಲಿನ ಮನೆಯ ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟ ಒಂದು ಬಿರುಕು. ಕೆಳಗಿನ ಬಾತ್‌ರೂಮಿನಲ್ಲಿ ಮೋರಿ ವಾಸನೆ. ಮೆಟ್ಟಿಲ ಅಡಿಯ ಗೋಡೆಯಲ್ಲಿ ಪೇಂಟ್ ಆಗಲೇ ಉಬ್ಬಿದೆ.

ಬರುವ ಭಾನುವಾರ ಬೆಳಿಗ್ಗೆ ಎರಡು ಗಂಟೆ ಸಮಯ ಕೊಟ್ಟಿದ್ದಾರೆ. ಇಂಜಿನಿಯರಿಗೆ ಫೀಸು ಕೊಟ್ಟು ಕರೆತರುವ ಮೊದಲು ನಾವೇ ಏನೇನು ನೋಡಿಕೊಳ್ಳಬಹುದು? ಇನ್ನೊಂದು, "ಪಾಯ ಗಟ್ಟಿ ಇದೆ ಸಾರ್, ಮೇಲೆ ಇನ್ನೆರಡು ಫ್ಲೋರ್ ಎತ್ತಬಹುದು" ಅಂತ ಬ್ರೋಕರ್ ಪದೇಪದೇ ಹೇಳುತ್ತಿದ್ದಾರೆ. ಇದನ್ನು ನಂಬಬಹುದೇ?

---

ಗಾರೆ_ಮಟ್ಟಗೋಲು:

ಹಾಲಿನಿಂದ ಶುರು ಮಾಡಬೇಡಿ. ಮನೆ ತೋರಿಸುವವರು ಕರೆದೊಯ್ಯುವ ದಾರಿಯೇ ಅದು. ನೇರ ಟೆರೇಸಿಗೆ ಹೋಗಿ, ಅಲ್ಲಿಂದ ನೀರು ಇಳಿಯುವ ದಾರಿಯಲ್ಲೇ ಇಳಿದು ಬನ್ನಿ: ಟೆರೇಸು, ಮೇಲ್ಮನೆಯ ಸೂರು, ಬಾತ್‌ರೂಮು, ಕೆಳಮನೆಯ ಸೂರು, ಗೋಡೆಯ ಬುಡ, ಸಂಪು, ಕೊನೆಗೆ ಮೋರಿ ಚೇಂಬರ್. ಇಂಥ ಮನೆಗಳ ರೋಗದಲ್ಲಿ ಮುಕ್ಕಾಲು ಪಾಲು ನೀರಿನದೇ.

ಕೈಯಲ್ಲಿ ಇರಬೇಕಾದದ್ದು: ಒಳ್ಳೆಯ ಟಾರ್ಚು, 5 ಮೀಟರ್ ಟೇಪು, ಒಂದು ನಾಣ್ಯ, ಒಂದು ಹಳೆಯ ಎಟಿಎಂ ಕಾರ್ಡು, ಒಂದು ಗೋಲಿ.

ಟೆರೇಸು. ಒಂದು ಬಕೆಟ್ ನೀರು ಸುರಿದು ಐದು ನಿಮಿಷ ಬಿಡಿ. 100ಕ್ಕೆ 1ರ ಇಳಿಜಾರು ಬೇಕು, ಅಂದರೆ 10 ಅಡಿಗೆ ಒಂದು ಇಂಚಿಗಿಂತ ತುಸು ಹೆಚ್ಚು. ನೀರು ನಿಲ್ಲುವ ಕಡೆ ಸಾಮಾನ್ಯವಾಗಿ ಕಪ್ಪು ಉಂಗುರದಂಥ ಕಲೆ ಇರುತ್ತದೆ. ಟೆರೇಸಿಗೂ ಹೊಸದಾಗಿ ವಾಟರ್‌ಪ್ರೂಫ್ ಬಣ್ಣ ಬಳಿದಿದ್ದರೆ ಈ ಬಕೆಟ್ ಪರೀಕ್ಷೆಯನ್ನು ಬಿಡಲೇಬೇಡಿ. ಬಣ್ಣ ಹೊಸದಾದ ಮಾತ್ರಕ್ಕೆ ಇಳಿಜಾರು ಹೊಸದಾಗುವುದಿಲ್ಲ. ಪ್ಯಾರಪೆಟ್ ಗೋಡೆಯೂ ಟೆರೇಸೂ ಕೂಡುವ ಮೂಲೆಗೆ ಸುತ್ತಲೂ ಗಾರೆಯ ಗುಂಡು ಅಂಚು ಕೊಟ್ಟಿದ್ದಾರಾ ನೋಡಿ. ಅದಿಲ್ಲದಿದ್ದರೆ ಆ ಸಂದಿಯೇ ನೀರಿಗೆ ಬಾಗಿಲು. ಸೋಲಾರ್ ಸ್ಟ್ಯಾಂಡಿನ ಕಾಲುಗಳನ್ನು ಮೋಲ್ಡಿಗೇ (ಕಾಂಕ್ರೀಟ್ ಛಾವಣಿಗೇ) ತೂತು ಕೊರೆದು ಬೋಲ್ಟ್ ಹಾಕಿದ್ದರೆ, ಪ್ರತಿ ಕಾಲಿನ ನೇರ ಕೆಳಗಿನ ಸೂರನ್ನು ಆಮೇಲೆ ಹುಡುಕಿ ನೋಡಿ.

ನೀರಿನ ಟ್ಯಾಂಕ್ ಎಲ್ಲಿ ಕೂತಿದೆ? 1000 ಲೀಟರ್ ಅಂದರೆ ಒಂದು ಟನ್. ಓಡಾಡುವ ಟೆರೇಸನ್ನು ಚದರ ಮೀಟರಿಗೆ ಸುಮಾರು 150 ಕೆಜಿ ಹೊರೆಗೆ ಲೆಕ್ಕ ಹಾಕಿರುತ್ತಾರೆ. ಟ್ಯಾಂಕ್ ಗೋಡೆ ಅಥವಾ ಬೀಮಿನ ಮೇಲೆ ಕೂತಿದ್ದರೆ ಸರಿ. ಕೋಣೆಯ ನಟ್ಟನಡುವೆ, ಬರೀ ಮೋಲ್ಡಿನ ಮೇಲೆ ಇಟ್ಟಿದ್ದರೆ ಕೆಳಗಿನ ಸೂರಿನಲ್ಲಿ ಬಿರುಕು ಹುಡುಕಿ.

ಸೂರು. ಟಾರ್ಚನ್ನು ಎದುರಿಗೆ ಹಿಡಿಯದೆ, ಗೋಡೆಗೆ ಅಥವಾ ಸೂರಿಗೆ ಒರಗಿಸಿ ಬೆಳಕು ಓರೆಯಾಗಿ ಹಾಯುವಂತೆ ಹಿಡಿಯಿರಿ. ಹೊಸ ಪುಟ್ಟಿಯ ತೇಪೆ, ಉಬ್ಬು, ಮುಚ್ಚಿದ ಬಿರುಕು ಎಲ್ಲವೂ ನೆರಳು ಬಿಟ್ಟು ಎದ್ದು ಕಾಣುತ್ತವೆ. ಪೇಂಟ್ ಬಣ್ಣವನ್ನು ಮುಚ್ಚಬಲ್ಲದು, ಉಬ್ಬುತಗ್ಗನ್ನು ಮುಚ್ಚಲಾರದು. ನೇರ ಗೆರೆಯಲ್ಲಿ ಕಂದು ಕಲೆ ಇದ್ದು, ಅರ್ಧ ಅಡಿ ದೂರದಲ್ಲಿ ಅಂಥದೇ ಇನ್ನೊಂದು ಗೆರೆ ಕಂಡರೆ ಅದು ಒಳಗಿನ ಕಂಬಿ ತುಕ್ಕು ಹಿಡಿದಿರುವ ಗುರುತು. ತುಕ್ಕು ಕಬ್ಬಿಣಕ್ಕಿಂತ ಎರಡು ಮೂರು ಪಟ್ಟು ಜಾಗ ಕೇಳುತ್ತದೆ, ಆದ್ದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಮೋಲ್ಡಿನ ಕಂಬಿಗೆ ಕನಿಷ್ಠ 20 ಮಿ.ಮೀ. ಕವರ್ (ಕಂಬಿ ಮುಚ್ಚುವ ಕಾಂಕ್ರೀಟ್ ಪದರ) ಬೇಕು. ಕವರ್ ಬ್ಲಾಕ್ ಇಡದೆ ಜಲ್ಲಿಕಲ್ಲಿನ ಮೇಲೆ ಕಂಬಿ ಎತ್ತಿಟ್ಟು ಕಾಂಕ್ರೀಟ್ ಹಾಕಿದ ಮನೆಗಳಲ್ಲಿ ಇದು ಮೊದಲು ಸಜ್ಜಾ, ಬಾಲ್ಕನಿಗಳ ತಳದಲ್ಲಿ ಕಾಣುತ್ತದೆ. ಅಲ್ಲಿ ನಾಣ್ಯದಿಂದ ತಟ್ಟಿ. ಗಟ್ಟಿ ಕಾಂಕ್ರೀಟು ಟಣ್ ಅನ್ನುತ್ತದೆ, ಪದರ ಬಿಟ್ಟದ್ದು ಡಬ್ ಅನ್ನುತ್ತದೆ. ಡಬ್ ಅಂದ ಕಡೆ ಗಾರೆ ಬಳಿದರೆ ಸಾಲದು. ಸಡಿಲ ಕಾಂಕ್ರೀಟು ಕೆತ್ತಿ, ಕಂಬಿ ಉಜ್ಜಿ, ಸವೆದಿದ್ದರೆ ಹೊಸ ಕಂಬಿ ಸೇರಿಸಿ, ಪಾಲಿಮರ್ ಗಾರೆಯಿಂದ ಕಟ್ಟಬೇಕು.

ಬಿರುಕು. ಬಲೆಯಂತೆ ಹರಡಿದ ಕೂದಲೆಳೆ ಬಿರುಕು ಪ್ಲಾಸ್ಟರಿಂಗಿಗೆ ಸರಿಯಾಗಿ ನೀರುಣಿಸದ್ದರಿಂದ ಬಂದದ್ದು, ಚಿಂತೆ ಬೇಡ. ಪಿಲ್ಲರೂ ಗೋಡೆಯೂ ಸೇರುವ ಕಡೆ ನೆಟ್ಟಗೆ ಇಳಿದ ಬಿರುಕು, ಪ್ಲಾಸ್ಟರ್ ಮಾಡುವಾಗ ಕೋಳಿಬಲೆ ಹಾಕದ್ದಕ್ಕೆ. ಮೇಲಿನ ಮಹಡಿಯಲ್ಲಿ ಸೂರಿನ ಕೆಳಗೇ ಅಡ್ಡಕ್ಕೆ ಓಡಿದ ಬಿರುಕು, ಬಿಸಿಲಿಗೆ ಮೋಲ್ಡು ಹಿಗ್ಗಿ ಕುಗ್ಗಿದ್ದಕ್ಕೆ. ಇದರಿಂದ ಮನೆ ಬೀಳುವುದಿಲ್ಲ, ಮಳೆನೀರು ಮಾತ್ರ ಒಳಗೆ ಬರುತ್ತದೆ.

ನೀವು ಕಂಡ ಕಿಟಕಿ ಮೂಲೆಯ ಓರೆ ಬಿರುಕಿಗೆ ಮೂರು ಪ್ರಶ್ನೆ ಕೇಳಿ. ಅದೇ ಜಾಗದಲ್ಲಿ ಹೊರಗೋಡೆಯಲ್ಲೂ ಇದೆಯೇ? ಎಟಿಎಂ ಕಾರ್ಡಿನ ಅಂಚು ಒಳಗೆ ಹೋಗುತ್ತದೆಯೇ (ಕಾರ್ಡಿನ ದಪ್ಪ 0.76 ಮಿ.ಮೀ.)? ಅದರ ನೇರ ಕೆಳಗೆ, ನೆಲಮಹಡಿಯ ಗೋಡೆಯಲ್ಲೂ ಮುಂದುವರಿದಿದೆಯೇ? ಮೂರಕ್ಕೂ ಇಲ್ಲ ಎಂದಾದರೆ ಲಿಂಟಲ್ (ಕಿಟಕಿ ಮೇಲಿನ ಕಾಂಕ್ರೀಟ್ ಅಡ್ಡಪಟ್ಟಿ) ಕಿಟಕಿಯಾಚೆ ಸಾಕಷ್ಟು ಚಾಚಿಲ್ಲ, ಅಷ್ಟೇ. ಮೂರಕ್ಕೂ ಹೌದು ಎಂದಾದರೆ ಪಾಯ ಒಂದು ಕಡೆ ಕುಸಿದಿರಬಹುದು. ಆ ಗೋಡೆಯ ಬಾಗಿಲ ಚೌಕಟ್ಟಿನ ಎರಡೂ ಕರ್ಣಗಳನ್ನು ಟೇಪಿನಲ್ಲಿ ಅಳೆಯಿರಿ. ಒಂದಕ್ಕೊಂದು ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಇಂಜಿನಿಯರು ನೋಡದೆ ಅಡ್ವಾನ್ಸ್ ಕೊಡಬೇಡಿ. ಬೀಮಿನ ನಡುವೆ ತಳದಿಂದ ಮೇಲಕ್ಕೆ ಎದ್ದ ಬಿರುಕು, ಅಥವಾ ಬೀಮು ಪಿಲ್ಲರಿಗೆ ಸೇರುವ ಹತ್ತಿರ ಓರೆ ಬಿರುಕು ಕಂಡರೂ ಇದೇ ಮಾತು.

ಇನ್ನೆರಡು ಮಹಡಿಯ ವಿಷಯ. ಮೊದಲು ಮನೆಗೆ ಪಿಲ್ಲರ್ ಇದೆಯೋ ಇಲ್ಲವೋ ತಿಳಿಯಿರಿ. ಆ ಕಾಲದ ಎಷ್ಟೋ 30×40 ಮನೆಗಳು ಬರೀ ಬ್ಲಾಕ್ ಗೋಡೆಯ ಮೇಲೆ ಮೋಲ್ಡ್ ಹೊತ್ತು ನಿಂತಿವೆ. ಕೋಣೆಗಳ ಮೂಲೆಯಲ್ಲಿ ಪಿಲ್ಲರಿನ ಚಾಚು, ಸೂರಿನಡಿ ಬೀಮು ಎಲ್ಲೂ ಕಾಣದಿದ್ದರೆ ಅನುಮಾನಪಡಿ. ಟೆರೇಸಿನಲ್ಲಿ ಪಿಲ್ಲರ್ ಕಂಬಿ ಮೇಲೆ ಬಿಟ್ಟಿದ್ದಾರೆ ಅಂದರೆ ಕಂಬಿ ಇದೆ ಅಂತ ಮಾತ್ರ ಅರ್ಥ. ಪಾಯದ ಆಳ ಅಗಲ ಎಷ್ಟು ಅನ್ನುವುದಕ್ಕೆ ಸ್ಟ್ರಕ್ಚರಲ್ ಡ್ರಾಯಿಂಗ್ ಬೇಕು. ಅದಿಲ್ಲದಿದ್ದರೆ ಪಿಲ್ಲರಿನ ಬುಡ ಅಗೆದು ಫೂಟಿಂಗ್ ಅಳೆಯಬೇಕು, ಕಾಂಕ್ರೀಟ್ ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ಆ ಎರಡು ಮಹಡಿಗೆ ಒಂದು ಪೈಸೆ ಬೆಲೆ ಕಟ್ಟಬೇಡಿ.

---

ಸಂಪು_ಮುಚ್ಚಳ:

ಮೇಲಿನವರು ಕಟ್ಟಡ ಹೇಳಿದರು. ನಾನು ನೀರು ಹಿಡಿದುಕೊಳ್ಳುತ್ತೇನೆ.

ಸಂಪಿನ ಮುಚ್ಚಳ ತೆಗೆಸಿ. ಅಳತೆ ಅಡಿಯಲ್ಲಿ ಗುಣಿಸಿ 28.3ರಿಂದ ಗುಣಿಸಿದರೆ ಲೀಟರ್. ಉದ್ದ 8, ಅಗಲ 5, ನೀರು ನಿಲ್ಲುವ ಆಳ 6 ಅಡಿ ಇದ್ದರೆ ಸುಮಾರು 6,800 ಲೀಟರ್. "ಹತ್ತು ಸಾವಿರ ಲೀಟರ್ ಸಂಪು" ಅಂದವರ ಮಾತು ಅಲ್ಲೇ ತೀರ್ಮಾನವಾಗುತ್ತದೆ.

ಸೋರುತ್ತದಾ ಅನ್ನುವುದು ಎರಡು ಗಂಟೆಯಲ್ಲಿ ತಿಳಿಯದು. ಶನಿವಾರ ರಾತ್ರಿ ಸಂಪು ತುಂಬಿಸಿ, ಒಳಬರುವ ವಾಲ್ವ್ ಮುಚ್ಚಿ, ಮೋಟಾರ್ ಹಾಕದೆ, ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೀಟು ಎಳೆದಿಡಲು ಮಾಲೀಕರನ್ನು ಕೇಳಿ. 8×5 ಅಡಿಯ ಸಂಪಿನಲ್ಲಿ ಒಂದು ಇಂಚು ಇಳಿದರೆ 94 ಲೀಟರ್ ಹೋಯಿತು ಅಂತ. ಇಳಿಯುವುದಕ್ಕಿಂತ ಕೆಟ್ಟದ್ದು ಏರುವುದು. ವಾಲ್ವ್ ಮುಚ್ಚಿದ್ದರೂ ಮಟ್ಟ ಏರಿದರೆ ಹೊರಗಿನ ನೀರು ಒಳಗೆ ಬರುತ್ತಿದೆ. ಪಕ್ಕದಲ್ಲೇ ಯುಜಿಡಿ (ಒಳಚರಂಡಿ) ಚೇಂಬರ್ ಇದ್ದರೆ ಅದು ಯಾವ ನೀರು ಅಂತ ಬಿಡಿಸಿ ಹೇಳಬೇಕಿಲ್ಲ. ಬಾಟಲಿಗೆ ಹಿಡಿದು ಲ್ಯಾಬಿಗೆ ಕೋಲಿಫಾರ್ಮ್ (ಮೋರಿ ನೀರು ಬೆರೆತಿದ್ದರೆ ಸಿಗುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ಕೊಡಿ. ಮುಚ್ಚಳದ ಅಂಚು ನೆಲದ ಮಟ್ಟಕ್ಕಿಂತ ಒಂದೆರಡು ಇಂಚು ಎತ್ತರ ಇರಬೇಕು, ಇಲ್ಲದಿದ್ದರೆ ಕಾರು ತೊಳೆದ ನೀರು ಸೀದಾ ಒಳಗೆ.

ಬಾತ್‌ರೂಮ್ ವಾಸನೆ. ನಹಾನಿ ಟ್ರ್ಯಾಪಿನಲ್ಲಿ (ನೆಲದ ನೀರು ಹೋಗುವ ಜಾಲರಿಯ ಕೆಳಗಿನ ಬಟ್ಟಲು) ಯಾವಾಗಲೂ 50 ಮಿ.ಮೀ. ನೀರು ನಿಂತು ಗಾಳಿಯನ್ನು ತಡೆಯಬೇಕು. ಬಳಸದ ಬಾತ್‌ರೂಮಿನಲ್ಲಿ ಅದು ಒಣಗುತ್ತದೆ. ಅರ್ಧ ಬಕೆಟ್ ನೀರು ಸುರಿದು ಬಾಗಿಲು ಹಾಕಿ, ಒಂದು ಗಂಟೆ ಬಿಟ್ಟು ಹೋಗಿ ಮೂಸಿ. ವಾಸನೆ ಹೋಗಿದ್ದರೆ ರೋಗವೇ ಇಲ್ಲ. ಹೋಗದಿದ್ದರೆ ಮೇಲ್ಮನೆಯ ಫ್ಲಶ್ ಒತ್ತಿಸಿ, ಕೆಳಗಿನ ಟ್ರ್ಯಾಪ್ ಹತ್ತಿರ ಕಿವಿಗೊಡಿ. ಗುಳುಗುಳು ಅಂದರೆ ಮೇಲಿಂದ ಬೀಳುವ ನೀರು ಟ್ರ್ಯಾಪಿನ ನೀರನ್ನು ಎಳೆದುಕೊಳ್ಳುತ್ತಿದೆ, ಅಂದರೆ ಗಾಳಿ ಪೈಪು ಇಲ್ಲ ಅಥವಾ ಕಟ್ಟಿದೆ. ಅದು ಟೆರೇಸಿಗಿಂತ ಮೇಲೆ ಎದ್ದು ಬಾಯಿ ತೆರೆದಿರಬೇಕು. ಟೆರೇಸಿನಲ್ಲಿರುವಾಗಲೇ ನೋಡಿಕೊಳ್ಳಿ.

ಆ ಕಾಲದ ಮನೆಗಳಲ್ಲಿ ಬಾತ್‌ರೂಮಿನ ಮೋಲ್ಡನ್ನು ಒಂದಡಿಯಷ್ಟು ತಗ್ಗಿಸಿ, ಪೈಪು ಕೂರಿಸಿ, ಇಟ್ಟಿಗೆ ಚೂರು ತುಂಬಿ ಮೇಲೆ ಟೈಲ್ಸ್ ಹಾಕಿರುತ್ತಾರೆ. ಟೈಲ್ಸ್ ಸಂದಿಯಿಂದ ಇಳಿದ ನೀರು ಆ ಗುಂಡಿಯಲ್ಲೇ ತುಂಬಿಕೊಂಡು ತಿಂಗಳುಗಟ್ಟಲೆ ಜಿನುಗುತ್ತದೆ. ಹಾಗಾಗಿ ಇವತ್ತು ಸೋರುತ್ತಿಲ್ಲ ಅನ್ನುವುದು ಸಾಕ್ಷಿಯಲ್ಲ. ಸರಿಯಾದ ಪರೀಕ್ಷೆ ಅಂದರೆ ಟ್ರ್ಯಾಪಿಗೆ ಬಟ್ಟೆ ತುರುಕಿ, ಒಂದು ಇಂಚು ನೀರು ನಿಲ್ಲಿಸಿ 24 ಗಂಟೆ ಕಾಯುವುದು. ಗೋಲಿ ಬಾತ್‌ರೂಮಿಗೆ: ನೆಲದಲ್ಲಿ ಎಲ್ಲಿಟ್ಟರೂ ಟ್ರ್ಯಾಪಿನ ಕಡೆಗೇ ಉರುಳಬೇಕು, ಬಾಗಿಲ ಕಡೆಗಲ್ಲ.

ಬೋರ್ ಅರ್ಧ ಗಂಟೆ ಓಡಿಸಿ. ಐದು ನಿಮಿಷ ಜೋರಾಗಿ ಬಂದು ಆಮೇಲೆ ಗಾಳಿ ಕಕ್ಕಲು ಶುರು ಮಾಡಿದರೆ ಅದನ್ನು ಲೆಕ್ಕಕ್ಕಿಡಬೇಡಿ. ಸಣ್ಣ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವುದು) ಇದ್ದರೆ ಅದ್ದಿ ನೋಡಿ. ಕುಡಿಯುವ ನೀರಿಗೆ 500ರವರೆಗೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ ಮಾನ್ಯ, ಅದರಾಚೆ ಬೇಡ.

ಜಲಮಂಡಳಿಯ ಕಳೆದ ಆರು ತಿಂಗಳ ಬಿಲ್ಲು ಕೇಳಿ. 2009ರ ನಂತರ 1200 ಚದರಡಿ ಅಥವಾ ಹೆಚ್ಚಿನ ಸೈಟಿನಲ್ಲಿ ಕಟ್ಟಿದ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ. ಇಲ್ಲದಿದ್ದರೆ ದಂಡ ಬಿಲ್ಲಿನಲ್ಲೇ ಸೇರಿ ಬರುತ್ತದೆ, ಕೊಂಡ ಮೇಲೆ ನಿಮ್ಮ ತಲೆಗೆ.

ಕರೆಂಟಿನದು ಎರಡೇ ಮಾತು. ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇದ್ದರೆ ಅದರ ಟೆಸ್ಟ್ ಗುಂಡಿ ಒತ್ತಿ, ತಕ್ಷಣ ಟ್ರಿಪ್ ಆಗಬೇಕು. ಗೀಸರಿನ ಸಾಕೆಟ್ಟನ್ನು ಎಲೆಕ್ಟ್ರಿಷಿಯನ್ ಕೈಲಿ ಬಿಚ್ಚಿಸಿ, ವೈರು 4 ಚದರ ಮಿ.ಮೀ. ಇದೆಯೇ, ಅರ್ಥಿಂಗ್ ವೈರು ನಿಜವಾಗಿ ಸೇರಿಸಿದ್ದಾರೆಯೇ ನೋಡಿಸಿ. ಮೂರನೇ ತೂತು ಬರೀ ಅಲಂಕಾರಕ್ಕಿರುವ ಮನೆಗಳು ಬೇಕಾದಷ್ಟಿವೆ.

---

ಎರಿಭೂಮಿ_ಹುಬ್ಬಳ್ಳಿ:

ಇದನ್ನ ನಮ್ಮ ಕಡಿಯವ್ರೂ ಓದ್ತಿರ್ತಾರ, ಅದಕ್ಕ ಒಂದು ಮಾತು. ಮ್ಯಾಲಿನವ್ರು ಹೇಳಿದ್ದೆಲ್ಲಾ ಬೆಂಗಳೂರಿನ ಕೆಂಪು ಮಣ್ಣಿಗೆ ಸರಿ ಐತ್ರಿ. ಎರಿ (ಕಪ್ಪು) ಮಣ್ಣಿನ ಮ್ಯಾಲೆ ಕಟ್ಟಿದ ಮನಿ ನೋಡೂದಿದ್ರ ಲೆಕ್ಕ ಬ್ಯಾರೆ. ಮಳಿ ಬಂದಾಗ ಸೋರಿಕಿ ಕಾಣ್ತದ ಖರೇ, ಆದ್ರ ಬಿರುಕು ಮುಚ್ಕೋತದ. ಎರಿ ಮಣ್ಣು ನೀರು ಕುಡದು ಉಬ್ಬತದ, ಬ್ಯಾಸಗಿಯೊಳಗ ಒಣಗಿ ಕುಗ್ಗತದ. ಅದಕ್ಕ ಬಿರುಕು ನೋಡಾಕ ಏಪ್ರಿಲ್-ಮೇ ತಿಂಗಳದಾಗ ಹೋಗ್ರಿ. ಮಳಿಗಾಲದಾಗ ನೋಡೂದಾದ್ರ ಬಾಗಲಾ ನೋಡ್ರಿ. ಈಗಷ್ಟ ಕೆಳಗಿನ ಅಂಚು ಹತ್ತರಿ ಹೊಡದು ಸವರ್ಯಾರಂದ್ರ ಚೌಕಟ್ಟು ಅಲುಗಾಡೈತಿ ಅಂತ ತಿಳ್ಕೋರಿ.

ಇನ್ನೊಂದು, ಖೋಲಿ ನಡುವ ಫರ್ಸಿ ಉಬ್ಬಿ, ಗ್ವಾಡಿ ಕಡೆ ತಗ್ಗಾಗಿದ್ರ ನೆಲ ಮ್ಯಾಲೆ ಎತ್ತಾಕತ್ತೈತಿ ಅಂತ. ಗೋಲಿ ಅಲ್ಲಿ ಉರುಳಿಸ್ರಿ. ಪಾಯ ಎರಿ ದಾಟಿ ಗಟ್ಟಿ ಮುರಮಿನ ತನಕ ಇಳದೈತೋ, ಇಲ್ಲಾ ಬುಡಕ್ಕ ಉಬ್ಬು ಇರೂ ಅಂಡರ್-ರೀಮ್ಡ್ ಪೈಲ್ ಹಾಕ್ಯಾರೋ ಕೇಳ್ರಿ. ಪೈಲ್ ಆದ್ರ ಕಡಿಮಿ ಅಂದ್ರೂ ಮೂರುವರಿ ಮೀಟರ್ ಆಳ ಇರಬೇಕು. ಮನಿ ಸುತ್ತ ಮೂರಡಿ ಕಾಂಕ್ರೀಟ್ ಪಟ್ಟಿ ಇಲ್ಲದ, ಮಾಳಗಿ ನೀರಿನ ಪೈಪು ಸೀದಾ ಗ್ವಾಡಿ ಬುಡಕ್ಕ ಬೀಳ್ತಿದ್ರ ಆ ಮೂಲಿ ಬಿರುಕು ಬಿಟ್ಟಿರ್ಲಿಕ್ಕೇ ಬೇಕು.

---

ಚಕ್ಕುಬಂದಿ:

ಕಾಗದಪತ್ರ ವಕೀಲರಿಗೆ ಬಿಡಿ. ಆದರೆ ಸ್ಥಳದಲ್ಲೇ ನಿಂತು ನೋಡಬೇಕಾದ ಕಾಗದದ ಕೆಲಸವೂ ಇದೆ, ಅದನ್ನು ವಕೀಲರು ಕಚೇರಿಯಲ್ಲಿ ಕೂತು ಮಾಡಲಾರರು.

ಕ್ರಯಪತ್ರ, ಇ-ಖಾತಾ, ಮಂಜೂರಾದ ಪ್ಲಾನ್ ಮೂರರ ಫೋಟೋ ಶನಿವಾರವೇ ತರಿಸಿಕೊಳ್ಳಿ. ಇ-ಖಾತಾ ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ, ಆದ್ದರಿಂದ "ಆಮೇಲೆ ಮಾಡಿಸಿಕೊಡ್ತೀವಿ" ಅನ್ನುವ ಮಾತಿಗೆ ಅಡ್ವಾನ್ಸ್ ಕೊಡಬೇಡಿ. ಸ್ಥಳದಲ್ಲಿ ಟೇಪು ಹಿಡಿದು ಕಾಂಪೌಂಡಿನ ನಾಲ್ಕೂ ಬದಿ ಅಳೆಯಿರಿ. 30×40 ಅಂದರೆ 9.14×12.19 ಮೀಟರ್, 111.48 ಚದರ ಮೀಟರ್. ಕ್ರಯಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ, ಉತ್ತರಕ್ಕೆ ಇಂಥ ನಂಬರಿನ ಸೈಟು ಅಂತ ಇರುವುದು, ಇ-ಖಾತಾದಲ್ಲಿರುವುದು, ಕಣ್ಣೆದುರು ಇರುವುದು ಮೂರೂ ಒಂದೇ ಆಗಿರಬೇಕು.

ಪಕ್ಕದ ಮನೆಯ ಕಡೆ ಕಾಂಪೌಂಡ್ ಇದೆಯೋ ಅಥವಾ ಎರಡೂ ಮನೆಗೆ ಒಂದೇ ಗೋಡೆಯೋ? ಪ್ಲಾನಿನಲ್ಲಿ ತೋರಿಸಿದ ಖಾಲಿ ಜಾಗ ಬಿಟ್ಟಿದ್ದಾರೋ ಅಥವಾ ಮೇಲಿನ ಮಹಡಿ ಅದರ ಮೇಲೆ ಚಾಚಿಕೊಂಡಿದೆಯೋ? ಪಕ್ಕದಲ್ಲಿ ಹಳೆಯ ಶೀಟಿನ ಮನೆ ಇದ್ದರೆ ನಾಳೆ ಅವರು ಕೆಡವಿ ಐದಾರು ಅಡಿ ಪಾಯ ತೋಡಿದಾಗ ನಿಮ್ಮ ಗೋಡೆಯ ಬುಡದ ಮಣ್ಣು ಜಾರುತ್ತದೆ. ನಡುವೆ ಜಾಗ ಎಷ್ಟಿದೆ ಅನ್ನುವುದು ಅದಕ್ಕೇ ಮುಖ್ಯ.

ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಮನೆ ಮುಂದೆ ನಿಂತರೆ ಮೂಲ ಸರ್ವೆ ನಂಬರ್ ತೋರಿಸುತ್ತದೆ. ಕಾಗದದಲ್ಲಿರುವ ಸರ್ವೆ ನಂಬರ್ ಅದೇ ಹೌದಾ, ರಾಜಕಾಲುವೆ ಹತ್ತಿರ ಹಾದಿದೆಯಾ ನೋಡಿ.

ಮೇಲಿನ ಮನೆ ಬಾಡಿಗೆಗೋ ಭೋಗ್ಯಕ್ಕೋ ಅಂತ ಅಲ್ಲಿರುವವರನ್ನೇ ಕೇಳಿ. ಇದು ಬಹಳ ಜನ ಬಿಡುವ ಪ್ರಶ್ನೆ. ಭೋಗ್ಯಕ್ಕಿದ್ದರೆ ಲಕ್ಷಗಟ್ಟಲೆ ಹಣ ವಾಪಸ್ ಕೊಡದೆ ಅವರು ಖಾಲಿ ಮಾಡುವುದಿಲ್ಲ. ಆ ಕರಾರು ನೋಂದಣಿ ಆಗಿರದಿದ್ದರೆ ಇಸಿಯಲ್ಲೂ (ಋಣಭಾರ ಪತ್ರದಲ್ಲೂ) ಕಾಣುವುದಿಲ್ಲ. ಮಾರಾಟದ ಕರಾರಿನಲ್ಲಿ ಆ ಹಣ ಯಾರು, ಯಾವಾಗ ಕೊಡಬೇಕು ಅಂತ ಬರೆಸಿ, ಅಷ್ಟನ್ನು ಹಿಡಿದುಕೊಂಡೇ ಉಳಿದದ್ದನ್ನು ಕೊಡಿ. ಮೂಲ ಪತ್ರಗಳನ್ನು ನೋಡಬೇಕು ಅಂತಲೂ ಅವತ್ತೇ ಕೇಳಿ. "ಬ್ಯಾಂಕಿನಲ್ಲಿದೆ" ಅಂದರೆ ಸಾಲ ಎಷ್ಟು ಬಾಕಿ ಅನ್ನುವ ಬ್ಯಾಂಕಿನ ಪತ್ರ ತೋರಿಸಲಿ.

---

ಮೂವತ್ತು_ನಲವತ್ತು:

ಎಲ್ಲರಿಗೂ ಧನ್ಯವಾದ. ಮಾಲೀಕರಿಗೆ ಫೋನ್ ಮಾಡಿದೆ. ಸಂಪಿಗೆ ಗೀಟು ಎಳೆದಿಡಲು ಒಪ್ಪಿದರು. ಬಾತ್‌ರೂಮಿನಲ್ಲಿ 24 ಗಂಟೆ ನೀರು ನಿಲ್ಲಿಸಲು ಮೇಲಿನವರು ಒಪ್ಪುತ್ತಿಲ್ಲ. ಬೇರೆ ದಾರಿ ಇದೆಯೇ? ಮೆಟ್ಟಿಲ ಕೆಳಗಿನ ಉಬ್ಬಿದ ಗೋಡೆಗೆ ಏನು ಮಾಡಲಿ?

---

ಗಾರೆ_ಮಟ್ಟಗೋಲು:

ಅವರು ಸ್ನಾನ ಮುಗಿಸಿದ ಮೇಲೆ ಕೆಳಗಿನ ಸೂರು ನೋಡಿ, ಅಂಗೈ ಒತ್ತಿ. ಆಮೇಲೆ ಹೊರಗೆ ಹೋಗಿ ಅದೇ ಬಾತ್‌ರೂಮಿನ ಹೊರಗೋಡೆ ನೋಡಿ. ತಗ್ಗಿಸಿದ ಮೋಲ್ಡಿನ ಮಟ್ಟದಲ್ಲಿ ಪಾಚಿ ಗೆರೆ ಅಥವಾ ಬಿಳಿ ಉಪ್ಪಿನ ಗೆರೆ ಇದ್ದರೆ 24 ಗಂಟೆಯ ಪರೀಕ್ಷೆ ಬೇಕಿಲ್ಲ, ಉತ್ತರ ಸಿಕ್ಕಿತು.

ಮೆಟ್ಟಿಲ ಕೆಳಗೆ ತೇವ ಎಷ್ಟು ಎತ್ತರಕ್ಕಿದೆ ಅನ್ನುವುದೇ ಮುಖ್ಯ. ನೆಲದಿಂದ ಮೂರಡಿಯೊಳಗೆ, ಮೇಲಂಚಿನಲ್ಲಿ ಉಪ್ಪಿನ ಗೀಟು ಇದ್ದರೆ ನೆಲದಿಂದ ಏರಿದ ಥಂಡಿ. ಪಾಯದ ಮೇಲೆ ತೇವ ತಡೆಯುವ ಕಾಂಕ್ರೀಟ್ ಪಟ್ಟಿ ಹಾಕಿಲ್ಲ ಅಂತ, ಇದನ್ನು ಪೂರ್ತಿ ವಾಸಿ ಮಾಡುವುದು ಕಷ್ಟ. ಗೋಡೆಯ ನಡುವೆ ಮಾತ್ರ ಇದ್ದರೆ ಒಳಗಿನ ಪೈಪು, ಟೈಲ್ಸ್ ಒಡೆದು ಸರಿಮಾಡುವ ಕೆಲಸ. ಮೇಲಿನಿಂದ ಇಳಿದಿದ್ದರೆ ಮೆಟ್ಟಿಲ ಸಂದಿ, ಇದು ಸುಲಭ.

ಅನುಮಾನ ಇದ್ದರೆ ಒಂದಡಿ ಚೌಕದ ಅಡುಗೆಮನೆ ಫಾಯಿಲನ್ನು ಉಬ್ಬಿದ ಜಾಗಕ್ಕೆ ನಾಲ್ಕೂ ಅಂಚು ಟೇಪು ಹಾಕಿ ಅಂಟಿಸಿ ಬನ್ನಿ. ಮರುದಿನ ತೆಗೆದಾಗ ಗೋಡೆಗೆ ತಾಗಿದ ಮೈ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿನದು. ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಬರೀ ಗಾಳಿಯಾಡದ್ದರಿಂದ.

---

ಸಂಪು_ಮುಚ್ಚಳ:

ಒಂದು ಮರೆತೆ. ಒಬ್ಬರೇ ಹೋಗಬೇಡಿ. ಮೇಲಿನ ಮನೆಯಲ್ಲಿ ಒಬ್ಬರು ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ಬಿಟ್ಟು ಫ್ಲಶ್ ಒತ್ತಬೇಕು, ಇನ್ನೊಬ್ಬರು ಗೇಟಿನ ಹತ್ತಿರದ ಚೇಂಬರ್ ಮುಚ್ಚಳ ತೆಗೆದು ನಿಂತಿರಬೇಕು. ನೀರು ನುಗ್ಗಿ ಬಂದು ನುಗ್ಗಿ ಹೋಗಬೇಕು. ಮಟ್ಟ ಏರಿ ನಿಂತು ನಿಧಾನ ಇಳಿದರೆ ಮುಂದೆ ಕಟ್ಟಿದೆ, ಅಥವಾ ರಸ್ತೆಯ ಲೈನೇ ನಿಮ್ಮದಕ್ಕಿಂತ ಎತ್ತರ ಇದೆ. ಮೊದಲನೆಯದಾದರೆ ಜೆಟ್ಟಿಂಗ್ ಗಾಡಿಯಿಂದ ಹೋಗುತ್ತದೆ. ಎರಡನೆಯದಾದರೆ ಪ್ರತಿ ದೊಡ್ಡ ಮಳೆಗೂ ಮೋರಿ ನೀರು ನೆಲಮಹಡಿಯ ಬಾತ್‌ರೂಮಿಗೆ ವಾಪಸ್ ಬರುತ್ತದೆ. ಚೇಂಬರಿನ ಒಳಗೋಡೆಯಲ್ಲಿ ಪೈಪಿಗಿಂತ ಮೇಲೆ ಕೆಸರಿನ ಗೀಟು ಇದೆಯಾ ಟಾರ್ಚ್ ಬಿಟ್ಟು ನೋಡಿ, ಹಿಂದಿನ ಮಳೆಗೆ ಎಲ್ಲಿಯವರೆಗೆ ಏರಿತ್ತು ಅನ್ನುವುದು ಅದರಲ್ಲಿ ಕಾಣುತ್ತದೆ.